ನಾಟಕಕ್ಕೆ ಸರೌಂಡ್ ಸೌಂಡ್: ಎರಡು ಬಾಕ್ಸ್ ಸಾಕೇ, ನಾಲ್ಕು ಬೇಕೇ, ಎಂಟೇ ಆಗಬೇಕೇ?

ಹವ್ಯಾಸಿ ತಂಡಗಳ ನಿರ್ದೇಶಕರು ಈಗೀಗ ಧ್ವನಿಯ ಬಗ್ಗೆ ದೊಡ್ಡ ಆಸೆಗಳನ್ನೇ ಇಟ್ಟುಕೊಳ್ಳುತ್ತಿದ್ದಾರೆ. ಮಳೆ ಬಂದರೆ ಪ್ರೇಕ್ಷಕರ ತಲೆಯ ಮೇಲೇ ಸುರಿದಂತಿರಬೇಕು, ಊರ ತೇರು ಸಭಾಂಗಣದ ಹಿಂಬಾಗಿಲಿನಿಂದ ಹೊರಟು ರಂಗದವರೆಗೆ ಬರಬೇಕು, ಕಾಡಿನಲ್ಲಿ ಕೂಗುವ ನರಿ ಎಡಗಡೆ ಎಲ್ಲೋ ಇರಬೇಕು. ಪ್ರೇಕ್ಷಕರನ್ನು ಸುತ್ತುವರಿಯುವ ಇಂಥ ಸದ್ದೇ ಸರೌಂಡ್ ಸೌಂಡ್. ಆಸೆ ಸರಿಯಾದದ್ದೇ. ಆದರೆ ಅದನ್ನು ಈಡೇರಿಸಲು ಕೂತಾಗ ಮಾತು ನೇರವಾಗಿ ಬಾಕ್ಸ್‌ಗಳ, ಅಂದರೆ ಸ್ಪೀಕರ್ ಪೆಟ್ಟಿಗೆಗಳ, ಲೆಕ್ಕಕ್ಕೆ ಹೋಗಿಬಿಡುತ್ತದೆ. ಎರಡು ಸಾಕೇ, ನಾಲ್ಕು ಬೇಕೇ, ಸಿನಿಮಾ ಮಂದಿರದ ಹಾಗೆ ಗೋಡೆಯುದ್ದಕ್ಕೂ ಇರಬೇಕೇ?

ಮೊದಲು ಕೇಳಬೇಕಾದ ಪ್ರಶ್ನೆ ಬೇರೆ ಎಂದು ನನ್ನ ನಂಬಿಕೆ. ಒಂದೊಂದು ಬಾಕ್ಸ್‌ಗೂ ಬೇರೆ ಬೇರೆ ಸದ್ದು ಕಳಿಸಲು ನಮ್ಮಲ್ಲಿ ಎಷ್ಟು ಔಟ್‌ಪುಟ್, ಅಂದರೆ ಸದ್ದು ಹೊರಡುವ ಪ್ರತ್ಯೇಕ ದಾರಿಗಳು, ಇವೆ? ಆರು ಬಾಕ್ಸ್ ಇಟ್ಟು ಆರರಲ್ಲೂ ಒಂದೇ ಸದ್ದು ಹಾಕಿದರೆ ಮಳೆ ಜೋರಾಗುತ್ತದೆ, ಅಷ್ಟೇ. ಎರಡೇ ಔಟ್‌ಪುಟ್ ಇದ್ದು, ಒಂದು ರಂಗದ ಕಡೆಗೂ ಇನ್ನೊಂದು ಪ್ರೇಕ್ಷಕರ ಬೆನ್ನ ಹಿಂದಕ್ಕೂ ಹೋದರೆ ಅದಕ್ಕಿಂತ ಹೆಚ್ಚಿನದು ಸಾಧ್ಯ. ನಾಟಕದಲ್ಲಿ ಎಡ-ಬಲಕ್ಕಿಂತ ಹಿಂದು-ಮುಂದು ದೊಡ್ಡದು. ಕೆಳಗಿನ ಹೋಲಿಕೆಯನ್ನೆಲ್ಲ ಈ ನಂಬಿಕೆಯಿಂದಲೇ ಮಾಡಿದ್ದೇನೆ.

ಮೊದಲು ನಾಟಕದ ಪ್ರತಿ ತೆಗೆದುಕೊಳ್ಳಿ

ಅಂಗಡಿಗೆ ಹೋಗುವ ಮುಂಚೆ, ಸೌಂಡ್‌ನವರಿಗೆ ಫೋನ್ ಮಾಡುವ ಮುಂಚೆ, ನಾಟಕದ ಪ್ರತಿಯಲ್ಲಿ ಬರುವ ಒಂದೊಂದು ಸದ್ದಿನ ಪಕ್ಕದಲ್ಲೂ ಅದು ಎಲ್ಲಿಂದ ಬರಬೇಕು ಎಂದು ಬರೆಯಿರಿ. ಮೂರು ಗುಂಪುಗಳು ತಾವಾಗಿಯೇ ಮೂಡುತ್ತವೆ. ರಂಗದ ಮೇಲಿರುವ ವಸ್ತುವಿನ ಸದ್ದು: ರೇಡಿಯೊ, ಫೋನು, ಕುಕ್ಕರ್ ಸೀಟಿ, ತೊಟ್ಟಿಲ ಮಗುವಿನ ಅಳು. ರಂಗದ ಆಚೆಗಿನ ಸದ್ದು: ಬೀದಿ, ರೈಲು, ಪಕ್ಕದ ಮನೆಯ ಜಗಳ, ಗುಡಿಯ ಗಂಟೆ. ಕೊನೆಯದು ಎಲ್ಲರನ್ನೂ ಆವರಿಸುವ ಸದ್ದು: ಮಳೆ, ಕಾಡು, ಜಾತ್ರೆ, ಗಲಭೆ.

ಪಟ್ಟಿ ಮುಗಿದಾಗ ಬಹುತೇಕ ಸಾಮಾಜಿಕ ನಾಟಕಗಳಲ್ಲಿ ಮೂರನೆಯ ಗುಂಪಿಗೆ ಸೇರುವ ಸದ್ದುಗಳು ಬೆರಳೆಣಿಕೆಯಷ್ಟೇ ಎಂದು ಕಾಣುತ್ತದೆ. ಮೊದಲ ಗುಂಪಿನವು ಹೆಚ್ಚು. ಅವನ್ನೇ ತಂಡಗಳು ಅತಿ ಹೆಚ್ಚು ಕಡೆಗಣಿಸುವುದು ಕೂಡ. ಮೇಜಿನ ಮೇಲಿರುವ ಫೋನು ಸಭಾಂಗಣದ ಎರಡು ಮೂಲೆಗಳ ದೊಡ್ಡ ಬಾಕ್ಸ್‌ಗಳಿಂದ ರಿಂಗಾದರೆ, ನಟಿ ಎಷ್ಟೇ ಚೆನ್ನಾಗಿ ಬೆಚ್ಚಿಬಿದ್ದರೂ ಪ್ರೇಕ್ಷಕರ ಕಿವಿ ಅದನ್ನು ಒಪ್ಪುವುದಿಲ್ಲ. ಸಿನಿಮಾದಲ್ಲಿ ಪರದೆಯ ಮನುಷ್ಯನಿಗೂ ಅವನ ದನಿಗೂ ಸಂಬಂಧ ಕಲ್ಪಿಸುವುದೇ ಸ್ಪೀಕರ್. ನಾಟಕದಲ್ಲಿ ನಟ ನಮ್ಮೆದುರೇ ನಿಂತಿರುತ್ತಾನೆ, ಅವನ ಗಂಟಲಿನಿಂದಲೇ ದನಿ ಬರುತ್ತಿರುತ್ತದೆ. ಉಳಿದ ಸದ್ದುಗಳೂ ಅಷ್ಟೇ ನಿಜವಾದ ಜಾಗದಿಂದ ಬರಬೇಕೆಂದು ಕಿವಿ ಬಯಸುತ್ತದೆ.

ಸಭಾಂಗಣದ ಬಾಕ್ಸ್‌ಗಳು, ಜೊತೆಗೆ ರಂಗದ ಮೇಲೊಂದು ಪುಟ್ಟ ಸ್ಪೀಕರ್

ಎಲ್ಲಕ್ಕಿಂತ ಅಗ್ಗದ ದಾರಿ ಇದು. ಸಭಾಂಗಣದಲ್ಲಿ ಹೇಗೂ ಎರಡು ಬಾಕ್ಸ್ ಇರುತ್ತವೆ. ಸಂಗೀತ, ಬೀದಿ, ಮಳೆ ಎಲ್ಲವೂ ಅವುಗಳಿಂದ ಬರಲಿ. ರೇಡಿಯೊ, ಫೋನು, ಟಿವಿಯಂಥವಕ್ಕೆ ಆಯಾ ವಸ್ತುವಿನೊಳಗೆ ಅಥವಾ ಅದರ ಹಿಂದೆ ಚಿಕ್ಕ ಸ್ಪೀಕರ್ ಬಚ್ಚಿಡಿ.

ಆ ಚಿಕ್ಕ ಸ್ಪೀಕರ್‌ಗೆ ಬ್ಲೂಟೂತ್ ಬಳಸಬಹುದೇ? ಬ್ಲೂಟೂತ್‌ನಲ್ಲಿ ಸದ್ದು 100ರಿಂದ 200 ಮಿಲಿಸೆಕೆಂಡ್, ಕೆಲವೊಮ್ಮೆ ಇನ್ನೂ ಹೆಚ್ಚು ತಡವಾಗುತ್ತದೆ. ರೇಡಿಯೊ ಹಾಡಿಗೆ ಇದರಿಂದ ತೊಂದರೆಯಿಲ್ಲ. ನಟ ಕೈ ತಟ್ಟಿದಾಗಲೇ ಬರಬೇಕಾದ ಸದ್ದಿಗೆ ಇದೆ. ಇದಕ್ಕಿಂತ ದೊಡ್ಡ ತೊಂದರೆ ಸಂಪರ್ಕದ್ದು. ತಾಲೀಮಿನ ಖಾಲಿ ಹಾಲ್‌ನಲ್ಲಿ ಚೆನ್ನಾಗಿ ಹಿಡಿದಿದ್ದ ಬ್ಲೂಟೂತ್, ನೂರಾರು ಫೋನುಗಳೂ ಮನುಷ್ಯದೇಹಗಳೂ ಮಧ್ಯೆ ಬಂದು ಕೂತಾಗ ಕಡಿದುಹೋಗಬಹುದು. ವೈಫೈ, ಬ್ಲೂಟೂತ್ ಎರಡೂ 2.4 ಗಿಗಾಹರ್ಟ್ಸ್‌ನ ಒಂದೇ ತರಂಗಪಟ್ಟಿಯಲ್ಲಿ ಜಾಗಕ್ಕೆ ನೂಕಾಡುತ್ತವೆ. ಆದ್ದರಿಂದ ಬ್ಯಾಟರಿ ಸ್ಪೀಕರ್ ಇಟ್ಟರೂ ವಿಂಗ್‌ನಿಂದ, ಅಂದರೆ ರಂಗದ ಪಕ್ಕದ ಮರೆಯಿಂದ, ತಂತಿ ಎಳೆಯುವುದು ಒಳ್ಳೆಯದು. ತಂತಿ ಆಗದಿದ್ದರೆ ವಿಂಗ್‌ನಲ್ಲಿ, ಸ್ಪೀಕರಿನಿಂದ ನಾಲ್ಕೈದು ಮೀಟರ್ ಒಳಗೆ, ಒಬ್ಬರು ಫೋನ್ ಹಿಡಿದು ನಿಲ್ಲಲಿ. ಫೋನ್ ಫ್ಲೈಟ್ ಮೋಡ್‌ನಲ್ಲಿರಲಿ, ಬ್ಲೂಟೂತ್ ಮಾತ್ರ ಆನ್ ಇರಲಿ.

ಮೊದಲ ಪ್ರಯೋಗಕ್ಕೆ ಹೊರಟ ತಂಡಕ್ಕೆ ಇದೇ ನನ್ನ ಸಲಹೆ. ಸುತ್ತುವರಿಯುವ ಮಳೆ ಸಿಗದಿದ್ದರೂ ರಂಗದ ಮೇಲಿನ ಲೋಕ ನಂಬುವಂತಾಗುತ್ತದೆ.

ಸ್ಟೀರಿಯೊವನ್ನು ಹಿಂದು-ಮುಂದಾಗಿ ಬಳಸುವುದು

ಯಾವ ಲ್ಯಾಪ್‌ಟಾಪಿನಲ್ಲೂ ಎಡ, ಬಲ ಎಂದು ಎರಡು ಔಟ್‌ಪುಟ್ ಇರುತ್ತವೆ. ನಾವು ಅವನ್ನು ರಂಗದ ಎರಡು ಪಕ್ಕಕ್ಕೆ ಕೊಟ್ಟುಬಿಡುತ್ತೇವೆ. ಅಗಲವಾದ ಸಭಾಂಗಣದಲ್ಲಿ ಇದರಿಂದ ಲಾಭ ಕಡಿಮೆ. ಎಡ ತುದಿಯಲ್ಲಿ ಕೂತವರಿಗೆ ಎಡ ಬಾಕ್ಸೇ ಎಲ್ಲವೂ, ಸ್ಟೀರಿಯೊದ ಸೊಗಸು ನಡುವಿನ ಕೆಲವೇ ಕುರ್ಚಿಗಳಿಗೆ ಮೀಸಲು.

ಅದರ ಬದಲು ಎಡ ಚಾನೆಲ್ ಎಂದರೆ ಮುಂದೆ, ಬಲ ಚಾನೆಲ್ ಎಂದರೆ ಹಿಂದೆ ಎಂದು ಗೊತ್ತುಮಾಡಿಕೊಳ್ಳಿ. ಸದ್ದುಗಳನ್ನು ಬೆರೆಸಿ ಹಂಚುವ ಮಿಕ್ಸರ್‌ನಲ್ಲಿ ಎಡ ಚಾನೆಲನ್ನು ಮುಂದಿನ ಎರಡೂ ಬಾಕ್ಸ್‌ಗಳಿಗೆ ಕೊಡಿ, ಬಲವನ್ನು ಆಕ್ಸ್ (ಮಿಕ್ಸರಿನ ಹೆಚ್ಚುವರಿ ಔಟ್‌ಪುಟ್) ಮೂಲಕ ಹಿಂದಿನ ಒಂದು ಅಥವಾ ಎರಡು ಬಾಕ್ಸ್‌ಗಳಿಗೆ ಕೊಡಿ. ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಟ್ರ್ಯಾಕ್‌ಗಳನ್ನು ಪೂರ್ತಿ ಎಡಕ್ಕೆ ಅಥವಾ ಪೂರ್ತಿ ಬಲಕ್ಕೆ ಸರಿಸಿ ಫೈಲ್ ತಯಾರಿಸಿದರೆ ಸಾಕು. ತೇರಿನ ಸದ್ದು ಮೊದಲು ಬಲ ಚಾನೆಲ್‌ನಲ್ಲಿ ಶುರುವಾಗಿ ನಿಧಾನವಾಗಿ ಎಡಕ್ಕೆ ಸರಿದರೆ, ಸಭಾಂಗಣದಲ್ಲಿ ಅದು ಪ್ರೇಕ್ಷಕರ ಬೆನ್ನಿನಿಂದ ಹೊರಟು ರಂಗಕ್ಕೆ ಬಂದು ಸೇರುತ್ತದೆ. ನುಡಿಸಲು ಹೊಸ ಯಂತ್ರ ಬೇಡ, ಹೊಸ ತಂತ್ರಾಂಶ ಬೇಡ. ಖರ್ಚೆಂದರೆ ಎರಡು ಬಾಕ್ಸ್ ಮತ್ತು ಉದ್ದ ಕೇಬಲ್ಲಿನ ಬಾಡಿಗೆ.

ಇದರ ಮಿತಿಯೂ ಸ್ಪಷ್ಟ. ನರಿ ಎಡಗಡೆ ಕೂಗಲಾರದು. ಮುಂದಿನ ಸಂಗೀತ ಮೋನೊ ಆಗುತ್ತದೆ, ಎರಡೂ ಬಾಕ್ಸ್‌ನಲ್ಲಿ ಒಂದೇ ಸದ್ದು. ಮುಖ್ಯವಾಗಿ, ಇಡೀ ನಾಟಕದ ಒಂದೊಂದು ಫೈಲನ್ನೂ ಇದೇ ಕ್ರಮದಲ್ಲಿ ತಯಾರಿಸಬೇಕು. ಯಾರೋ ಕೊನೆ ಗಳಿಗೆಯಲ್ಲಿ ಸಾಮಾನ್ಯ ಹಾಡೊಂದನ್ನು ಹಾಕಿದರೆ ಅರ್ಧ ಹಾಡು ಹಿಂದಿನಿಂದ ಕೇಳುತ್ತದೆ. ಇಷ್ಟಿದ್ದರೂ ಊರೂರು ತಿರುಗುವ ಸಣ್ಣ ತಂಡಕ್ಕೆ ಇದಕ್ಕಿಂತ ಹೊಂದುವ ವ್ಯವಸ್ಥೆ ನನಗೆ ಕಾಣುತ್ತಿಲ್ಲ. ನೀನಾಸಂ ಸಂಸ್ಥೆಯ ಸಂಚಾರಿ ತಂಡವಾದ ತಿರುಗಾಟ 1985ರಲ್ಲಿ ಶುರುವಾದಂದಿನಿಂದ ನಮ್ಮ ರಂಗಭೂಮಿಗೆ ತಿರುಗಾಟ ಹೊಸದಲ್ಲ. ದಿನಕ್ಕೊಂದು ಊರು, ಊರಿಗೊಂದು ಬಗೆಯ ಹಾಲ್. ಅಲ್ಲಿ ಕಟ್ಟಲು, ಬಿಚ್ಚಲು ಕಡಿಮೆ ಹೊತ್ತು ಹಿಡಿಯುವುದೇ ಉಳಿಯುತ್ತದೆ.

ಮನೆಯ ಹೋಂ ಥಿಯೇಟರ್ ತಂದು ಇಟ್ಟರೆ?

ತಂಡದಲ್ಲಿ ಯಾರದಾದರೂ ಮನೆಯಲ್ಲಿ 5.1 ಸೆಟ್ (ಐದು ಸ್ಪೀಕರ್, ಜೊತೆಗೆ ಗುಡುಗಿನಂಥ ತಗ್ಗು ಸದ್ದಿಗೆ ಒಂದು ಬಾಸ್) ಇದ್ದೇ ಇರುತ್ತದೆ, ಹೇಗೂ ಸರೌಂಡ್ ಅಲ್ಲವೇ ಎಂಬ ಮಾತು ಬಂದೇ ಬರುತ್ತದೆ. ಬೇಡ ಎನ್ನುತ್ತೇನೆ, ಐವತ್ತು ಜನರ ಕೋಣೆಯ ನಾಟಕವನ್ನು ಬಿಟ್ಟು.

5.1ರ ಲೆಕ್ಕಾಚಾರವೇ ನಡುವೆ ಕೂತ ಕೇಳುಗನಿಗಾಗಿ ಮಾಡಿದ್ದು. ಮುಂದಿನ ಎಡ-ಬಲ ಸ್ಪೀಕರ್‌ಗಳು ಅವನಿಂದ ತಲಾ 30 ಡಿಗ್ರಿ ಕೋನದಲ್ಲಿ, ಸರೌಂಡ್‌ನವು ಸುಮಾರು 110 ಡಿಗ್ರಿಯಲ್ಲಿ ಇರಬೇಕೆಂಬುದು ಅದರ ಅಂತಾರಾಷ್ಟ್ರೀಯ ಮಾನದಂಡ. ನಾಟಕದ ಪ್ರೇಕ್ಷಕರಲ್ಲಿ ಆ ಬಿಂದುವಿನಲ್ಲಿ ಕೂರುವವರು ಎಷ್ಟು ಜನ? ಇನ್ನು ಆ ಸೆಟ್ಟಿನ ಪುಟ್ಟ ಸ್ಪೀಕರ್‌ಗಳು ಮನೆಯ ಹಜಾರಕ್ಕೆ ಅಳತೆ ಮಾಡಿದವು. ಮುನ್ನೂರು ಜನರ ಸಭಾಂಗಣದಲ್ಲಿ ಅವನ್ನು ಪೂರ್ತಿ ಏರಿಸಿದರೆ ಕೇಳುವುದು ಕರ್ಕಶ ಸದ್ದು ಮಾತ್ರ. ಇಂಥ ಸೆಟ್ಟಿನ ಮುಖ್ಯ ಯಂತ್ರವಾದ ರಿಸೀವರ್‌ಗಳಲ್ಲಿ ಹಲವು ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ತಾವಾಗಿಯೇ ಮಲಗಿಬಿಡುತ್ತವೆ. ನಾಟಕದಲ್ಲಿ ಇಪ್ಪತ್ತು ನಿಮಿಷ ಬರೀ ಮಾತಿರುವುದು ಸಹಜ. ಅದಾದ ಮೇಲೆ ಗುಡುಗಿನ ಸೂಚನೆ ಬಂದಾಗ ಯಂತ್ರ ಎಚ್ಚರವಾಗಲು ಎರಡು ಸೆಕೆಂಡ್ ತೆಗೆದುಕೊಂಡರೆ ದೃಶ್ಯ ಕೈತಪ್ಪಿತು.

ನಾಲ್ಕು ಬಾಕ್ಸ್, ನಾಲ್ಕು ಔಟ್‌ಪುಟ್

ನನ್ನ ಒಲವು ಇದರ ಕಡೆಗೆ. ರಂಗದ ಎರಡು ಪಕ್ಕ, ಪ್ರೇಕ್ಷಕರ ಹಿಂದಿನ ಎರಡು ಮೂಲೆ, ನಾಲ್ಕಕ್ಕೂ ಪ್ರತ್ಯೇಕ ಸದ್ದು. ತೇರು ಹಿಂದಿನ ಬಲ ಮೂಲೆಯಿಂದ ಹೊರಟು ಬಲಗೋಡೆಯ ಉದ್ದಕ್ಕೂ ಸಾಗಿ ರಂಗದ ಬಲ ವಿಂಗ್ ಸೇರಬಹುದು, ಅದೇ ವಿಂಗ್‌ನಿಂದ ನಟರು ಕುಣಿಯುತ್ತ ಒಳಗೆ ಬರಬಹುದು.

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ನಾಲ್ಕು ಔಟ್‌ಪುಟ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಕಂಪ್ಯೂಟರಿನ ಸದ್ದನ್ನು ಹಲವು ಔಟ್‌ಪುಟ್‌ಗೆ ಹಂಚುವ ಪೆಟ್ಟಿಗೆ) ಒಂದು: ಬೆಹ್ರಿಂಗರ್ ಯುಎಂಸಿ404ಎಚ್‌ಡಿ, ಫೋಕಸ್‌ರೈಟ್ ಸ್ಕಾರ್ಲೆಟ್ 4ಐ4 ಇವೆಲ್ಲ ಈ ವರ್ಗದವು. ನಾಲ್ಕು ಆ್ಯಕ್ಟಿವ್ ಬಾಕ್ಸ್, ಅಂದರೆ ಆ್ಯಂಪ್ಲಿಫೈಯರ್ ಒಳಗೇ ಇರುವಂಥವು, ಅವಕ್ಕೆ ಸ್ಟ್ಯಾಂಡ್, ಉದ್ದದ ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್ನಿನ ಮೈಕ್ ಕೇಬಲ್). ಬಾಡಿಗೆಗೆ ಕೇಳುವಾಗ ನಾಲ್ಕೂ ಒಂದೇ ಕಂಪನಿಯ ಒಂದೇ ಮಾದರಿ ಬೇಕೆಂದು ಒತ್ತಿ ಹೇಳಿ. ಹಿಂದಿನವು ಬೇರೆ ಮಾದರಿಯಾದರೆ ತೇರು ನಡುದಾರಿಯಲ್ಲಿ ದನಿ ಬದಲಿಸಿದಂತಾಗುತ್ತದೆ. ಗಣೇಶೋತ್ಸವ, ಆರ್ಕೆಸ್ಟ್ರಾಗಳಿಗೆ ಒದಗಿಸಿ ರೂಢಿಯಾದ ಸೌಂಡ್‌ನವರು ಹದಿನೈದು ಇಂಚಿನ ಟಾಪ್ (ಮುಖ್ಯ ಬಾಕ್ಸ್), ಜೋಡಿ ಬಾಸ್ ತರಲು ಮುಂದಾಗುತ್ತಾರೆ. ನಾಟಕಕ್ಕೆ ಎಂಟು ಅಥವಾ ಹತ್ತು ಇಂಚಿನ ಬಾಕ್ಸ್ ಸಾಕು, ಗುಡುಗು, ರೈಲು ಇದ್ದರೆ ಮುಂದೆ ಒಂದು ಬಾಸ್ ಇರಲಿ. ನಮಗೆ ಬೇಕಿರುವುದು ಎದೆ ನಡುಗುವ ಸದ್ದಲ್ಲ ಎಂದು ಮೊದಲೇ ಕೂತು ಮಾತಾಡಿದರೆ ಅವರೇ ಒಳ್ಳೆಯ ಸಲಹೆ ಕೊಡುತ್ತಾರೆ.

ಇಂಟರ್‌ಫೇಸ್‌ಗೂ ಹಣವಿಲ್ಲವೇ? ಹಳೆಯ ಡೆಸ್ಕ್‌ಟಾಪ್ ಕಂಪ್ಯೂಟರ್ ನೋಡಿ. ಹಲವದರ ಹಿಂಬದಿಯಲ್ಲಿ ಹಸಿರು, ಕಪ್ಪು, ಕಿತ್ತಳೆ ಬಣ್ಣದ ಮೂರು ಆಡಿಯೊ ಕಿಂಡಿಗಳಿರುತ್ತವೆ. ಹಸಿರು ಮುಂದಿನ ಎರಡು ಸ್ಪೀಕರ್‌ಗಳಿಗೆ, ಕಪ್ಪು ಹಿಂದಿನ ಎರಡಕ್ಕೆ. ನಾಲ್ಕು ಔಟ್‌ಪುಟ್ ಅಲ್ಲೇ ಸಿಕ್ಕಿತು. ಆದರೆ ಈ ಕಿಂಡಿಗಳ ಸಿಗ್ನಲ್ ಬ್ಯಾಲೆನ್ಸ್ಡ್ (ತಂತಿಗೆ ಅಂಟುವ ಗದ್ದಲವನ್ನು ತಡೆಯುವಂಥದು) ಅಲ್ಲ, ನಾಲ್ಕೈದು ಮೀಟರ್ ದಾಟಿದರೆ ಗುಂಯ್‌ಗುಡುವಿಕೆ ಅಂಟಿಕೊಳ್ಳುತ್ತದೆ. ಕಂಪ್ಯೂಟರ್ ಪಕ್ಕದಲ್ಲೇ ಸಿಗ್ನಲನ್ನು ಬ್ಯಾಲೆನ್ಸ್ಡ್ ಮಾಡುವ ಡಿಐ ಬಾಕ್ಸ್ ಇಟ್ಟು, ಅಲ್ಲಿಂದ ಮುಂದೆ ಎಕ್ಸ್‌ಎಲ್‌ಆರ್‌ನಲ್ಲಿ ಕಳಿಸಬೇಕು.

ತಂತ್ರಾಂಶದ ಆಯ್ಕೆ ಇಲ್ಲಿ ಮುಖ್ಯವಾಗುತ್ತದೆ. ರಂಗಭೂಮಿಯಲ್ಲಿ ಹೆಸರಾದ ಕ್ಯೂಲ್ಯಾಬ್ ಮ್ಯಾಕ್‌ನಲ್ಲಿ ಮಾತ್ರ ನಡೆಯುತ್ತದೆ. ಅದರ ಉಚಿತ ಆವೃತ್ತಿ ಎರಡು ಔಟ್‌ಪುಟ್‌ಗೆ ಸೀಮಿತ, ನಾಲ್ಕು ಬೇಕಾದರೆ ಲೈಸೆನ್ಸ್ ಬೇಕು. ಪ್ರಯೋಗದ ದಿನಗಳಿಗಷ್ಟೇ ಬಾಡಿಗೆ ಲೈಸೆನ್ಸ್ ಪಡೆಯುವ ಅನುಕೂಲ ಇದೆ. ಲಿನಕ್ಸ್ ಶೋ ಪ್ಲೇಯರ್ ಪೂರ್ತಿ ಉಚಿತ, ಆದರೆ ಲಿನಕ್ಸ್ ಬಲ್ಲವರೊಬ್ಬರು ತಂಡದಲ್ಲಿರಬೇಕು. ವಿಂಡೋಸ್‌ನಲ್ಲಿರುವವರು ರೀಪರ್ ಬಳಸಬಹುದು. ಅದು ಧ್ವನಿಮುದ್ರಣ-ಸಂಕಲನದ ತಂತ್ರಾಂಶ, ನಾಟಕದ ಸದ್ದುಗಳನ್ನು ಸೂಚನೆ ಬಂದಂತೆ ಒಂದೊಂದಾಗಿ ನುಡಿಸಲು ಮಾಡಿದ್ದಲ್ಲ. ಆದರೂ ಎಷ್ಟು ಔಟ್‌ಪುಟ್‌ಗೆ ಬೇಕಾದರೂ ಸದ್ದನ್ನು ಹಂಚಿಕೊಡುತ್ತದೆ, 60 ದಿನ ಹಣ ಕೊಡದೆ ಪರೀಕ್ಷಿಸಬಹುದು. ಮ್ಯಾಕ್ ಇದ್ದವರು ಕ್ಯೂಲ್ಯಾಬನ್ನೇ ಹಿಡಿಯಲಿ. ಪ್ರದರ್ಶನದ ಒತ್ತಡದಲ್ಲಿ ಒಂದು ಕೀ ಒತ್ತಿದರೆ ಮುಂದಿನ ಸದ್ದು ಬರುವ ನೆಮ್ಮದಿ ದೊಡ್ಡದು.

ನಾಲ್ಕು ಚಾನೆಲ್‌ನ ಮಳೆ ಮಾಡುವಾಗ ಒಂದು ಯುಕ್ತಿ ನೆನಪಿರಲಿ. ಒಂದೇ ಮಳೆಯ ಧ್ವನಿಮುದ್ರಣವನ್ನು ನಾಲ್ಕರಲ್ಲೂ ಒಂದೇ ಕ್ಷಣದಿಂದ ಶುರುಮಾಡಿದರೆ ಕಿವಿಗೆ ಅದು ಹತ್ತಿರದ ಬಾಕ್ಸ್‌ನಲ್ಲಿರುವ ಮಳೆ. ಅದೇ ಮುದ್ರಣದ ಬೇರೆ ಬೇರೆ ಭಾಗವನ್ನು ನಾಲ್ಕು ಕಡೆ ಕೊಡಿ: ಮುಂದಿನ ಎಡಕ್ಕೆ ಮೊದಲಿನಿಂದ, ಬಲಕ್ಕೆ ಅರ್ಧ ನಿಮಿಷದ ನಂತರದ್ದು, ಹಿಂದಿನ ಎರಡಕ್ಕೆ ಇನ್ನೂ ಮುಂದಿನದು. ಆಗ ಹನಿ ಹನಿಯೂ ಬೇರೆಯಾಗಿ, ಮಳೆ ಇಡೀ ಹಾಲ್ ತುಂಬ ಹರಡುತ್ತದೆ.

ಎಂಟು ಔಟ್‌ಪುಟ್, ಡಿಜಿಟಲ್ ಮಿಕ್ಸರ್

ಬೆಹ್ರಿಂಗರ್ ಎಕ್ಸ್‌ಆರ್18ನಂಥ ಡಿಜಿಟಲ್ ಮಿಕ್ಸರಿನಲ್ಲಿ ಮುಖ್ಯ ಎರಡು, ಆಕ್ಸ್ ಆರು, ಒಟ್ಟು ಎಂಟು ಔಟ್‌ಪುಟ್ ಇವೆ. ಒಂದೇ ಯುಎಸ್‌ಬಿ ತಂತಿಯಲ್ಲಿ ಲ್ಯಾಪ್‌ಟಾಪಿನಿಂದ 18 ಚಾನೆಲ್ ಬರುತ್ತದೆ. ದೊಡ್ಡಣ್ಣನಾದ ಎಕ್ಸ್32 ಬಾಡಿಗೆಗೆ ಸಿಗುವುದು ಕಷ್ಟವಲ್ಲ. ಅದರಲ್ಲಿ 16 ಔಟ್‌ಪುಟ್, ಪ್ರತಿಯೊಂದಕ್ಕೂ ಬೇಕಾದಷ್ಟು ಡಿಲೇ (ಸದ್ದನ್ನು ಬೇಕೆಂದೇ ತಡಮಾಡುವುದು) ಕೊಡುವ ಸೌಲಭ್ಯ ಇದೆ.

ಎಂಟು ಸಿಕ್ಕರೆ ಅವನ್ನು ಹೇಗೆ ಹಂಚುವುದು? ಎಂಟನ್ನೂ ಪ್ರೇಕ್ಷಕರ ಸುತ್ತ ಇಡುವ ಆಸೆಯಾಗುತ್ತದೆ. ನಾನಾದರೆ ಮುಂದೆ ಎರಡು, ಹಿಂದೆ ಎರಡು, ರಂಗದ ಹಿಂಭಾಗದಲ್ಲಿ ಸೈಕ್ಲೋರಾಮಾ (ಹಿಂಬದಿಯ ದೊಡ್ಡ ಪರದೆ) ಆಚೆ ಎರಡು, ರಂಗದ ವಸ್ತುಗಳೊಳಗೆ ಎರಡು ಇಡುತ್ತೇನೆ. ಸೈಕ್ಲೋರಾಮಾ ಹಿಂದಿನ ಬಾಕ್ಸ್‌ಗಳು ಕೊಡುವ ದೂರದ ಭಾವನೆಯನ್ನು ಮುಂದಿನ ಬಾಕ್ಸ್‌ಗಳಲ್ಲಿ ಎಷ್ಟು ಎಕೋ ಸೇರಿಸಿದರೂ ಪಡೆಯಲಾಗದು. ದೂರದ ಗುಡಿಯ ಗಂಟೆ ಅಲ್ಲಿಂದ ಬಂದರೆ ರಂಗದ ಆಳವೇ ಹೆಚ್ಚಿದಂತೆ ತೋರುತ್ತದೆ.

ಈ ವ್ಯವಸ್ಥೆಗೆ ಒಬ್ಬರು ಪೂರ್ಣಾವಧಿಯ ಧ್ವನಿ ವಿನ್ಯಾಸಕರು ಬೇಕು, ಸಭಾಂಗಣದಲ್ಲಿ ಒಂದು ಇಡೀ ದಿನದ ತಾಲೀಮು ಬೇಕು. ಬೆಳಗ್ಗೆ ಸೆಟ್, ಮಧ್ಯಾಹ್ನ ಲೈಟ್, ಸಂಜೆ ಪ್ರದರ್ಶನ ಎಂಬ ಒಂದೇ ದಿನದ ಬಾಡಿಗೆ ನಿಮ್ಮದಾದರೆ ಎಂಟರ ಯೋಚನೆ ಬಿಡಿ. ಹೊಂದಿಸದ ಎಂಟಕ್ಕಿಂತ ಹೊಂದಿಸಿದ ನಾಲ್ಕು ಮೇಲು.

ಮನುಷ್ಯರೇ ಸದ್ದು ಮಾಡಿದರೆ

ಸ್ಪೀಕರ್ ಹೋಲಿಕೆಯಲ್ಲಿ ಇದೇಕೆ ಎಂದು ಅನ್ನಿಸಬಹುದು. ಕನ್ನಡ ರಂಗಭೂಮಿಯಲ್ಲಿ ಇದನ್ನು ಬಿಟ್ಟು ಮಾತಾಡುವುದು ನ್ಯಾಯವಲ್ಲ. ಬಿ.ವಿ. ಕಾರಂತರು ಕೈಗೆ ಸಿಕ್ಕ ವಸ್ತುಗಳಿಂದಲೂ ನಟರ ಕೊರಳಿನಿಂದಲೂ ರಂಗಸಂಗೀತ ಹೊಮ್ಮಿಸಿದ ಪರಂಪರೆ ನಮ್ಮದು. ತೇರಿನ ದೃಶ್ಯಕ್ಕೆ ನಾಲ್ಕು ತಮಟೆಗಳನ್ನು ಹಿಂಬಾಗಿಲಿನ ಹೊರಗೆ ನಿಲ್ಲಿಸಿ, ಬಾಗಿಲು ನಿಧಾನವಾಗಿ ತೆರೆದು, ನಡುದಾರಿಯಲ್ಲಿ ನಡೆಸಿಕೊಂಡು ಬಂದರೆ ಯಾವ ಎಂಟು ಚಾನೆಲ್ಲೂ ಅದಕ್ಕೆ ಸರಿಗಟ್ಟುವುದಿಲ್ಲ. ಹತ್ತು ಜನರ ಮೇಳ ಪ್ರೇಕ್ಷಕರ ಹಿಂದೆ ನಿಂತು ಗುಜುಗುಜು ಮಾಡಿದರೆ ಗಲಭೆ ಶುರುವಾಗುವ ಮುಂಚಿನ ಆತಂಕ ಅಲ್ಲಿಯೇ ಹುಟ್ಟುತ್ತದೆ. ದೊಡ್ಡ ತಗಡನ್ನು ತೂಗುಹಾಕಿ ಅಲುಗಿಸಿದ ಗುಡುಗು ಇವತ್ತಿಗೂ ಮೈ ಜುಮ್ಮೆನಿಸುತ್ತದೆ.

ಇದು ಯಾವಾಗ ಸೋಲುತ್ತದೆ ಎಂದರೆ, ದೀರ್ಘಕಾಲ ಹಿನ್ನೆಲೆಯಲ್ಲಿ ಇರಬೇಕಾದ ಸದ್ದಿಗೆ. ಅರ್ಧ ಗಂಟೆ ಮಳೆಯನ್ನು ಯಾರೂ ಕೈಯಲ್ಲಿ ಸುರಿಸಲಾರರು. ಮಳೆ ಯಂತ್ರಕ್ಕಿರಲಿ, ತೇರು ಮನುಷ್ಯರಿಗಿರಲಿ. ಜನಬಲ ಇದ್ದು ಹಣಬಲ ಇಲ್ಲದ ಕಾಲೇಜು ತಂಡಗಳು ಮೊದಲು ಈ ದಾರಿಯನ್ನು ನೋಡಬೇಕು.

ಬಾಕ್ಸ್ ಎಲ್ಲಿಡಬೇಕು, ಎಷ್ಟು ಎತ್ತರದಲ್ಲಿ

ಹಿಂದಿನ ಮತ್ತು ಪಕ್ಕದ ಬಾಕ್ಸ್‌ಗಳ ದೊಡ್ಡ ಶಾಪವೆಂದರೆ ಅವುಗಳ ಪಕ್ಕದಲ್ಲೇ ಕೂತವರ ಪಾಡು. ದೂರ ಇಮ್ಮಡಿಯಾದಾಗ ನೇರ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 12 ಮೀಟರ್ ಅಗಲದ ಹಾಲ್‌ನಲ್ಲಿ ಗೋಡೆಗೊರಗಿಸಿ, ಕೂತವರ ಕಿವಿಯ ಮಟ್ಟದಲ್ಲೇ ಬಾಕ್ಸ್ ಇಟ್ಟಿದ್ದೀರಿ ಎನ್ನಿ. ಒಂದೂವರೆ ಮೀಟರ್ ದೂರದವರಿಗೂ ಹತ್ತೂವರೆ ಮೀಟರ್ ದೂರದವರಿಗೂ ಸುಮಾರು 17 ಡೆಸಿಬೆಲ್ ವ್ಯತ್ಯಾಸ. ಅದೇ ಬಾಕ್ಸನ್ನು ಕಿವಿಯ ಮಟ್ಟದಿಂದ ಎರಡೂವರೆ ಮೀಟರ್ ಮೇಲಕ್ಕೆ ಏರಿಸಿದರೆ ವ್ಯತ್ಯಾಸ 11 ಡೆಸಿಬೆಲ್‌ಗೆ ಇಳಿಯುತ್ತದೆ. ಅದರ ಮೂತಿಯನ್ನು ಎದುರು ಗೋಡೆಯ ಕಡೆಯ ಕುರ್ಚಿಗಳಿಗೆ ತಿರುಗಿಸಿದರೆ ಹತ್ತಿರದವರಿಗೆ ಇನ್ನಷ್ಟು ತಗ್ಗುತ್ತದೆ. ಎತ್ತರದ ಸ್ಟ್ಯಾಂಡ್‌ಗೆ ಕೊಡುವ ಬಾಡಿಗೆ ದುಡ್ಡು ಐದನೆಯ ಬಾಕ್ಸ್‌ಗೆ ಕೊಡುವುದಕ್ಕಿಂತ ಸಾರ್ಥಕ. ಬರೀ ವಾತಾವರಣದ ಸದ್ದಾದರೆ ಬಾಕ್ಸನ್ನು ಗೋಡೆಗೋ ಛಾವಣಿಗೋ ತಿರುಗಿಸಿ ಇಡುವುದೂ ಉಂಟು. ಸದ್ದು ಚದುರಿ ಬರುವುದರಿಂದ ಮೂಲ ಗೊತ್ತಾಗುವುದಿಲ್ಲ. ನಾಯಿ ಬೊಗಳಬೇಕಾದರೆ ಮಾತ್ರ ಜನರ ಕಡೆಗೇ ಮುಖವಿರಲಿ.

ಸ್ಟ್ಯಾಂಡ್ ಕಾಲುಗಳ ಮೇಲೆ ಮರಳಿನ ಚೀಲ ಇಡಿ. ಜನರ ತಲೆಯ ಮೇಲೆ ಬೈಂಡಿಂಗ್ ವೈರ್‌ನಲ್ಲಿ ಬಾಕ್ಸ್ ಕಟ್ಟಿ ತೂಗುಬಿಡುವ ಕೆಲಸ ಯಾವ ಕಾರಣಕ್ಕೂ ಬೇಡ.

ಮುಂದಿನ ಮತ್ತು ಹಿಂದಿನ ಬಾಕ್ಸ್‌ಗಳೆರಡರಲ್ಲೂ ಒಂದೇ ಸಂಗೀತವೋ ಮಾತೋ ಬರುವುದಾದರೆ ಡಿಲೇ ಬೇಕು. ಮೊದಲು ತಲುಪಿದ ಸದ್ದು ಯಾವ ಕಡೆಯದೋ ಆ ಕಡೆಯಿಂದಲೇ ಎಲ್ಲ ಸದ್ದೂ ಬಂದಂತೆ ಕಿವಿ ತಿಳಿಯುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ವಿವರವಾಗಿ ಅಳೆದು ತೋರಿಸಿದ ಗುಣ ಇದು. ನಮ್ಮ ಹವೆಯಲ್ಲಿ, 30 ಡಿಗ್ರಿ ಉಷ್ಣತೆಯಲ್ಲಿ, ಸದ್ದು ಸೆಕೆಂಡಿಗೆ ಸುಮಾರು 349 ಮೀಟರ್ ಸಾಗುತ್ತದೆ, ಮೀಟರಿಗೆ ಹೆಚ್ಚುಕಡಿಮೆ 2.9 ಮಿಲಿಸೆಕೆಂಡ್. ಕೊನೆಯ ಸಾಲು ಮುಂದಿನ ಬಾಕ್ಸ್‌ನಿಂದ 16 ಮೀಟರ್, ಹಿಂದಿನದರಿಂದ 2 ಮೀಟರ್ ಇದ್ದರೆ ವ್ಯತ್ಯಾಸ 14 ಮೀಟರ್, ಅಂದರೆ 40 ಮಿಲಿಸೆಕೆಂಡ್. ಅದರ ಮೇಲೆ ಹತ್ತು ಹದಿನೈದು ಸೇರಿಸಿ ಹಿಂದಿನ ಬಾಕ್ಸ್‌ಗೆ 50ರಿಂದ 55 ಮಿಲಿಸೆಕೆಂಡ್ ಡಿಲೇ ಕೊಟ್ಟರೆ ಕೊನೆಯ ಸಾಲಿನವರ ಗಮನವೂ ರಂಗದಲ್ಲೇ ನಿಲ್ಲುತ್ತದೆ. ಹಿಂದಿನಿಂದ ಮಾತ್ರ ಬರುವ ಸದ್ದಿಗೆ ಈ ತಾಪತ್ರಯವಿಲ್ಲ.

ರಂಗದಲ್ಲಿ ಫ್ಲೋರ್ ಮೈಕ್ ಅಥವಾ ತೂಗುಮೈಕ್ ಬಳಸುವ ತಂಡಗಳಿಗೆ ಒಂದು ಎಚ್ಚರಿಕೆ: ಹಿಂದಿನ ಬಾಕ್ಸ್‌ಗಳ ಮೂತಿ ಆ ಮೈಕುಗಳ ಕಡೆಗೇ ಇರುತ್ತದೆ. ಹಿಂದೆ ಸುರಿದ ಮಳೆ ಮೈಕ್ ಹೊಕ್ಕು ಮುಂದಿನಿಂದ ಮತ್ತೆ ಸುರಿಯುತ್ತದೆ, ಮಾತು ಕೊಚ್ಚಿಹೋಗುತ್ತದೆ. ನಟರ ಮೈಕನ್ನು ಹಿಂದಿನ ಬಾಕ್ಸ್‌ಗೆ ಕೊಡಲೇಬೇಡಿ. ಮಳೆಯ ದೃಶ್ಯದಲ್ಲಿ ಮೈಕುಗಳನ್ನು ತಗ್ಗಿಸಿ, ಆಗದಿದ್ದರೆ ಹಿಂದಿನ ಮಳೆಯನ್ನು ತಗ್ಗಿಸಿ.

ಗುಂಯ್‌ಗುಡುವಿಕೆ ಬಂದಾಗ ಪ್ಲಗ್ಗಿನ ಅರ್ತ್ ಪಿನ್ ಕಿತ್ತು ಸಿಕ್ಕಿಸುವ ಅಭ್ಯಾಸ ನಮ್ಮಲ್ಲಿ ಇನ್ನೂ ಇದೆ. ಅದು ಜೀವಕ್ಕೆ ಅಪಾಯ. ಡಿಐ ಬಾಕ್ಸ್‌ನಲ್ಲಿರುವ ಗ್ರೌಂಡ್ ಲಿಫ್ಟ್ ಗುಂಡಿ ಇರುವುದೇ ಈ ಕೆಲಸಕ್ಕೆ. ನಾಲ್ಕೂ ಬಾಕ್ಸ್‌ಗೆ, ಲ್ಯಾಪ್‌ಟಾಪಿಗೆ ಒಂದೇ ಫೇಸ್‌ನಿಂದ ಕರೆಂಟ್ ಕೊಡಿ, ಲೈಟಿನ ಡಿಮ್ಮರ್ ಇರುವ ಫೇಸ್ ಬೇಡ.

ಹಾಲ್ ನೋಡಿ ನಿರ್ಧರಿಸಿ

ಬೆಂಗಳೂರಿನ ರಂಗಶಂಕರದಲ್ಲಿ ರಂಗ ಪ್ರೇಕ್ಷಕರ ಕಡೆಗೆ ಚಾಚಿಕೊಂಡಿದೆ, ಸುಮಾರು 320 ಕುರ್ಚಿಗಳು ಅದನ್ನು ಸುತ್ತುವರಿದಿವೆ. ಇಂಥ ಕಡೆ ಎಡ-ಬಲ ಎಂಬುದಕ್ಕೇ ಅರ್ಥ ಕಡಿಮೆ. ರಂಗದೊಳಗಿನ ಸ್ಪೀಕರ್ ಮತ್ತು ಹಿಂದಿನ ಎರಡು ಬಾಕ್ಸ್ ಚೆನ್ನಾಗಿ ಕೆಲಸ ಮಾಡುತ್ತವೆ. ರವೀಂದ್ರ ಕಲಾಕ್ಷೇತ್ರದಂಥ ದೊಡ್ಡ ಹಾಲ್‌ನಲ್ಲಿ ಹಿಂದಿನ ಬಾಕ್ಸ್ ಮುಂದಿನ ಸಾಲಿಗೆ ಮುಟ್ಟುವುದೇ ಇಲ್ಲ, ಪಕ್ಕದ ಗೋಡೆಗಳಲ್ಲೂ ಬಾಕ್ಸ್ ಬೇಕಾಗುತ್ತದೆ. ಅಲ್ಲಿ ಎಂಟು ಔಟ್‌ಪುಟ್‌ನ ಮಾತು ನ್ಯಾಯ.

ಸಮುದಾಯ ಭವನ, ಕಲ್ಯಾಣ ಮಂಟಪಗಳ ಟೈಲ್ಸ್ ನೆಲ, ಬೋಳು ಗೋಡೆ, ಶೀಟಿನ ಛಾವಣಿ ಸದ್ದನ್ನು ಹಿಡಿದು ತಿರುತಿರುಗಿ ಎಸೆಯುತ್ತವೆ. ಅಲ್ಲಿ ಹಾಲೇ ಬೇಡದ ಸರೌಂಡ್ ಮಾಡುತ್ತಿರುತ್ತದೆ. ಬಾಕ್ಸ್ ಹೆಚ್ಚಿದಷ್ಟೂ ಮಾತು ಕಲಸಿಹೋಗುತ್ತದೆ. ಸಭಾಂಗಣದ ಬಾಕ್ಸ್‌ಗಳನ್ನೂ ತಗ್ಗಿಸಿ, ರಂಗದ ಮೇಲಿನ ಸ್ಪೀಕರನ್ನೇ ನೆಚ್ಚಿಕೊಳ್ಳಿ. ಜನ ತುಂಬಿದ ಮೇಲೆ ಪ್ರತಿಧ್ವನಿ ಒಂದಿಷ್ಟು ಇಳಿಯುತ್ತದೆಂಬುದೂ ಲೆಕ್ಕದಲ್ಲಿರಲಿ.

ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರ, ಮೈಸೂರು ರಂಗಾಯಣದ ವನರಂಗ, ಇಂಥ ಬಯಲುಗಳಲ್ಲಿ ಗೋಡೆಯ ಆಸರೆಯಿಲ್ಲ, ಸದ್ದು ಹೊರಟದ್ದು ಹಿಂತಿರುಗುವುದಿಲ್ಲ. ಬಾಕ್ಸ್‌ಗಳ ಬಲ ಹೆಚ್ಚಿರಬೇಕು, ಆದರೆ ದಿಕ್ಕು ಬಹಳ ಸ್ಪಷ್ಟವಾಗಿ ಗೊತ್ತಾಗುತ್ತದೆ, ನಾಲ್ಕು ಚಾನೆಲ್‌ಗೆ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ತೇರಿನ ದೃಶ್ಯ ಕೊನೆಯ ಅಂಕದಲ್ಲಿದ್ದರೆ ನಾಟಕ ಶುರುಮಾಡುವ ಹೊತ್ತನ್ನು ಅದಕ್ಕೆ ತಕ್ಕಂತೆ ಇಟ್ಟುಕೊಳ್ಳಿ.

ಯಾವುದನ್ನು ಕೊಳ್ಳುವುದು, ಯಾವುದನ್ನು ಬಾಡಿಗೆಗೆ ತರುವುದು

ವರ್ಷಕ್ಕೆ ಒಂದೆರಡು ಪ್ರಯೋಗ ಮಾಡುವ ತಂಡ ಬಾಕ್ಸ್ ಕೊಳ್ಳಬೇಕಿಲ್ಲ. ಯಾವ ತಾಲ್ಲೂಕು ಕೇಂದ್ರದಲ್ಲೂ ಬಾಡಿಗೆಗೆ ಸಿಗುತ್ತವೆ. ನಾಲ್ಕು ಔಟ್‌ಪುಟ್‌ನ ಇಂಟರ್‌ಫೇಸ್, ಎರಡು ಡಿಐ ಬಾಕ್ಸ್, ಗುರುತು ಹಾಕಿದ ನಾಲ್ಕು ಒಳ್ಳೆಯ ಕೇಬಲ್ ಮಾತ್ರ ತಂಡದ ಸ್ವಂತದ್ದಾಗಿರಲಿ. ಇವು ಕೇಳಿದ ಕೂಡಲೇ ಬಾಡಿಗೆಗೆ ಸಿಗುವುದು ಕಷ್ಟ, ಸಿಕ್ಕರೂ ಪ್ರತಿ ಸಲ ಬೇರೆ ಮಾದರಿಯಾಗಿ ತಾಲೀಮಿನಲ್ಲಿ ಹೊಂದಿಸಿದ್ದೆಲ್ಲ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ. ಸ್ವಂತ ಇಂಟರ್‌ಫೇಸ್ ಇದ್ದರೆ ತಾಲೀಮಿನ ಕೋಣೆಯಲ್ಲೇ, ಯಾರದೋ ಮನೆಯ ನಾಲ್ಕು ಸಣ್ಣ ಸ್ಪೀಕರ್‌ಗಳನ್ನು ನಾಲ್ಕು ಮೂಲೆಗಿಟ್ಟು, ಮೊದಲ ವಾರದಿಂದಲೇ ನಟರಿಗೆ ಆ ಸದ್ದುಗಳ ಅಭ್ಯಾಸ ಮಾಡಿಸಬಹುದು.

ಜೊತೆಗೆ ಒಂದು ಪುಟ್ಟ ಫೈಲ್ ಮಾಡಿಟ್ಟುಕೊಳ್ಳಿ. ತಂಡದವರೊಬ್ಬರ ದನಿಯಲ್ಲಿ "ಮುಂದೆ ಎಡ", "ಮುಂದೆ ಬಲ", "ಹಿಂದೆ ಎಡ", "ಹಿಂದೆ ಬಲ" ಎಂದು ಮುದ್ರಿಸಿ, ಆಯಾ ಚಾನೆಲ್‌ಗೆ ಹಾಕಿ. ಪ್ರೇಕ್ಷಕರನ್ನು ಒಳಗೆ ಬಿಡುವ ಅರ್ಧ ಗಂಟೆ ಮುಂಚೆ ಅದನ್ನು ನುಡಿಸಿ, ಹೇಳಿದ ಕಡೆಯಿಂದಲೇ ದನಿ ಬರುತ್ತಿದೆಯೇ ಎಂದು ಒಬ್ಬರು ಹಾಲ್ ಸುತ್ತಿ ಕೇಳಲಿ. ಅದಲುಬದಲಾದ ಕೇಬಲ್ ಇದ್ದರೆ ಆಗಲೇ ಸಿಕ್ಕಿಬೀಳುತ್ತದೆ.